ರಿಲೀಸ್‌ಗೆ ಮುಂಚೆ ವಿಂಡೋ ಇವೆಂಟ್ ಬಗ್‌ಗಳ ಹಿಂದೆ ಬಿದ್ದ ಕಥೆ

ರಿಲೀಸ್ ಕ್ಯಾಂಡಿಡೇಟ್ (ಆರ್‌ಸಿ), ಅಂದ್ರೆ ರಿಲೀಸ್‌ಗೆ ಮುಂಚೆ ಎಲ್ರೂ ಪರೀಕ್ಷೆ ಮಾಡ್ಲಿ ಅಂತ ಬಿಡೋ ವರ್ಷನ್, ಹೊರಗೆ ಬಿಟ್ಟ ಮೇಲೆ ಬರೋ ಬಗ್ ರಿಪೋರ್ಟ್‌ಗಳೇ ಬೇರೆ ಥರ. ಅಲ್ಲಿವರೆಗೂ ಪ್ರೋಗ್ರಾಂ ಓಡಿಸಿ ನೋಡ್ತಿದ್ದೋರು ನಾವು ನಾವೇ, ಎಲ್ರ ಮಷೀನೂ ಹೆಚ್ಚುಕಮ್ಮಿ ಒಂದೇ ಥರ, ಒಂದೇ ಡೆಸ್ಕ್‌ಟಾಪು, ಒಂದೇ ಇಂಗ್ಲಿಷ್ ಕೀಬೋರ್ಡು. ಆರ್‌ಸಿ ಬಿಟ್ಟ ತಕ್ಷಣ ವಿಂಡೋಗಳನ್ನ ಹೆಂಚಿನ ಥರ ಪಕ್ಕಪಕ್ಕ ಜೋಡಿಸೋ ಟೈಲಿಂಗ್ ವಿಂಡೋ ಮ್ಯಾನೇಜರ್ ಹಾಕ್ಕೊಂಡಿರೋರು, ಲ್ಯಾಪ್‌ಟಾಪ್‌ಗೆ ದೊಡ್ಡ ಮಾನಿಟರ್ ಚುಚ್ಚಿ ಎರಡಕ್ಕೂ ಬೇರೆ ಬೇರೆ ಸ್ಕೇಲ್ ಇಟ್ಟಿರೋರು, ಜಪಾನೀಸ್‌ನಲ್ಲಿ ಟೈಪ್ ಮಾಡೋರು, ಎಲ್ರೂ ಒಟ್ಟಿಗೆ ಬಾಗಿಲು ತಟ್ತಾರೆ. ಬ್ರಷ್ ಗೆರೆ ತಪ್ಪು ಬರ್ತಿದೆ, ಬಣ್ಣ ತಪ್ಪು ಬರ್ತಿದೆ ಅನ್ನೋ ದೂರು ಕಮ್ಮಿ. ಆಲ್ಟ್ ಟ್ಯಾಬ್ ಮಾಡಿ ವಾಪಸ್ ಬಂದ್ರೆ ಬ್ರಷ್ಷೇ ಓಡಲ್ಲ, ಪ್ರೋಗ್ರಾಂ ತೆಗೆದಾಗೆಲ್ಲ ವಿಂಡೋ ಸ್ವಲ್ಪ ಕೆಳಗೆ ಇಳಿದಿರುತ್ತೆ, ಮ್ಯಾಕ್ಸಿಮೈಸ್ ತೆಗೆದ್ರೆ ಎಲ್ಲಾ ಹೆಪ್ಪುಗಟ್ಟುತ್ತೆ, ಇಂಥವೇ ಜಾಸ್ತಿ. ಇವೆಲ್ಲ ವಿಂಡೋ ಇವೆಂಟ್ ಬಗ್‌ಗಳು, ಅಂದ್ರೆ ಕೀ ಒತ್ತಿದ್ರು, ಸೈಜ್ ಬದಲಾಯ್ತು ಅಂತ ಸಿಸ್ಟಂ ಕಳಿಸೋ ಸುದ್ದಿಗಳನ್ನ (ಇವೆಂಟ್) ಪ್ರೋಗ್ರಾಂ ತಪ್ಪಾಗಿ ತಿಳ್ಕೊಂಡಾಗ ಬರೋವು. ಕಳೆದ ರಿಲೀಸ್‌ನಲ್ಲಿ ಈ ಲೇಬಲ್ ಇರೋವೆಲ್ಲ ನನ್ನ ಪಾಲಿಗೆ ಬಂದ್ವು, ಯಾಕಂದ್ರೆ ಬೇರೆ ಯಾರೂ ಕೈ ಎತ್ತಲಿಲ್ಲ.

ಸಾಫ್ಟ್‌ವೇರ್ ಹೆಸರು ಬೇಡ ಬಿಡಿ, ಚಿತ್ರ ಬಿಡಿಸೋಕೆ, ಸ್ಕ್ರೀನ್‌ಶಾಟ್ ಮೇಲೆ ಗುರುತು ಹಾಕೋಕೆ ಇರೋ ಒಂದು ಸಣ್ಣ ಓಪನ್ ಸೋರ್ಸ್ ಟೂಲ್, ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿದ್ದು, ಸಂಬಳ ತಗೊಳೋರು ಯಾರೂ ಇಲ್ಲ. ವಿಂಡೋ ತೆರೆಯೋದು, ಕೀಬೋರ್ಡ್ ಮೌಸ್ ಓದೋದು ಇದಕ್ಕೆಲ್ಲ ನಮ್ದೇ ಒಂದು ಲೇಯರ್ ಇದೆ, ಕೆಳಗಡೆ ಎಕ್ಸ್11, ವೇಲ್ಯಾಂಡ್ (ಲಿನಕ್ಸ್‌ನಲ್ಲಿ ವಿಂಡೋ ತೋರಿಸೋ ಹಳೇ ಮತ್ತೆ ಹೊಸ ವ್ಯವಸ್ಥೆ), ವಿಂಡೋಸ್ ಅಂತ ಮೂರು ಬ್ಯಾಕೆಂಡ್, ಅಂದ್ರೆ ಆಯಾ ಸಿಸ್ಟಂ ಜೊತೆ ಮಾತಾಡೋ ಭಾಗ. ಇದೇ ಕೆಲಸಕ್ಕಿರೋ ರೆಡಿ ಲೈಬ್ರರಿಗಳು, ಎಸ್‌ಡಿಎಲ್ಲೋ ಜಿಎಲ್‌ಎಫ್‌ಡಬ್ಲ್ಯೂನೋ ಬಳಸ್ಬಹುದಿತ್ತಲ್ಲ ಅಂತ ಪ್ರತಿ ವರ್ಷ ಯಾರಾದ್ರೂ ಕೇಳ್ತಾರೆ, ಸರಿಯಾದ ಪ್ರಶ್ನೆನೇ, ಆದ್ರೆ ಹಳೇ ಕೋಡ್ ಕಿತ್ತು ಹಾಕೋಕೆ ಯಾರಿಗೂ ಪುರುಸೊತ್ತಿಲ್ಲ. ಅವೆರಡರ ಸೋರ್ಸ್ ಮಾತ್ರ ಪಕ್ಕದಲ್ಲಿ ತೆರೆದಿಟ್ಕೊಂಡಿರ್ತೀನಿ. ಎರಡೂ ಜ಼ೆಡ್‌ಲಿಬ್ ಲೈಸೆನ್ಸು, ಓದೋಕೆ ಕಲಿಯೋಕೆ ಅಡ್ಡಿಯಿಲ್ಲ, ಮತ್ತೆ ಅಲ್ಲಿರೋ ಕಾಮೆಂಟ್‌ಗಳಲ್ಲಿ ವರ್ಷಗಟ್ಟಲೆ ಬೇರೆಯವರು ತಿಂದ ಏಟುಗಳ ಲೆಕ್ಕ ಸಿಗುತ್ತೆ.

ಮೊದಲ್ನೇದು ಆಲ್ಟ್ ಟ್ಯಾಬ್ ದೂರು. ನಮ್ಮಲ್ಲಿ ಆಲ್ಟ್ ಒತ್ತಿ ಹಿಡಿದ್ರೆ ಬ್ರಷ್ ತಾತ್ಕಾಲಿಕವಾಗಿ ಕಲರ್ ಪಿಕ್ಕರ್ ಆಗುತ್ತೆ. ಬಳಕೆದಾರರು ಆಲ್ಟ್ ಒತ್ತಿದಾಗ ಆ ಕೀ ಪ್ರೆಸ್ ನಮ್ಮ ವಿಂಡೋಗೇ ಬರುತ್ತೆ, ಆಮೇಲೆ ಟ್ಯಾಬ್ ಒತ್ತಿದ ತಕ್ಷಣ ವಿಂಡೋ ಮ್ಯಾನೇಜರ್ ಕೀಬೋರ್ಡನ್ನ ತನ್ನ ಕೈಗೆ ತಗೊಳುತ್ತೆ, ಆಲ್ಟ್ ಬಿಟ್ಟಿದ್ದು ಅದಕ್ಕೆ ಗೊತ್ತಾಗುತ್ತೆ, ನಮಗೆ ಗೊತ್ತಾಗಲ್ಲ. ವಾಪಸ್ ಬಂದಾಗ, ಯಾವ ಕೀ ಒತ್ತಿದೆ ಅಂತ ಬರೆದಿಟ್ಕೊಳೋ ನಮ್ಮ ಟೇಬಲ್‌ನಲ್ಲಿ ಆಲ್ಟ್ ಇನ್ನೂ ಒತ್ತೇ ಇದೆ, ಗೆರೆ ಎಳೆಯೋಕೆ ಹೋದ್ರೆ ಬಣ್ಣ ಆರಿಸ್ತಾ ಕೂತಿರುತ್ತೆ. ಮತ್ತೊಂದ್ಸಲ ಆಲ್ಟ್ ಒತ್ತಿ ಬಿಟ್ರೆ ಸರಿಹೋಗುತ್ತೆ, ಅದಕ್ಕೇ ಇಷ್ಟು ವರ್ಷ ಯಾರೂ ಇದನ್ನ ದೊಡ್ಡದು ಮಾಡಿರಲಿಲ್ಲ.

ಎಲ್ರಿಗೂ ಮೊದ್ಲು ಹೊಳೆಯೋ ಮದ್ದು ಏನಂದ್ರೆ ಫೋಕಸ್ ಹೋದ ತಕ್ಷಣ, ಅಂದ್ರೆ ಕೀಬೋರ್ಡ್ ನಮ್ಮ ವಿಂಡೋ ಕೈ ತಪ್ಪಿದ ತಕ್ಷಣ, ಒತ್ತಿರೋ ಕೀಗಳೆಲ್ಲ ಬಿಟ್ಟಾಯ್ತು ಅಂತ ಅಂದ್ಕೊಳೋದು. ಆ ಥರದ ಪ್ಯಾಚ್ ಒಂದನ್ನ ಒಬ್ರು ಕಳಿಸಿದ್ರು, ಸೇರಿಸಿ ಮುಂದಿನ ಆರ್‌ಸಿ ಬಿಟ್ವಿ, ಎರಡ್ನೇ ದಿನಕ್ಕೇ ಇನ್ನೊಂದು ದೂರು ಬಂತು. ಶಿಫ್ಟ್ ಹಿಡಿದು ನೇರ ಗೆರೆ ಎಳೀತಿರುವಾಗ ಹಾಡಿನ ವಾಲ್ಯೂಮ್ ಕೀ ಒತ್ತಿದ್ರೆ ಗೆರೆ ಅರ್ಧಕ್ಕೇ ಕಟ್ ಆಗುತ್ತಂತೆ! ಓದಿ ನಗು ಬಂತು, ಆದ್ರೆ ಎಕ್ಸ್‌ಇವಿ ಓಡಿಸಿ ನೋಡಿದ್ರೆ ಕಾರಣ ಅಲ್ಲೇ ಎದುರಿಗಿತ್ತು. ಎಕ್ಸ್‌ಇವಿ ಅಂದ್ರೆ ಒಂದು ಖಾಲಿ ವಿಂಡೋ ತೆಗೆದು ಅದಕ್ಕೆ ಬರೋ ಇವೆಂಟ್‌ಗಳನ್ನೆಲ್ಲ ಟರ್ಮಿನಲ್‌ನಲ್ಲಿ ಪ್ರಿಂಟ್ ಮಾಡೋ ಪುಟ್ಟ ಪ್ರೋಗ್ರಾಂ, ಈ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಟೂಲ್ ನನಗೆ ಸಿಕ್ಕಿಲ್ಲ. ಎಕ್ಸ್11ನಲ್ಲಿ ಫೋಕಸ್‌ಔಟ್ ಇವೆಂಟ್ ಒಳಗೆ ಮೋಡ್ ಅಂತ ಒಂದು ಫೀಲ್ಡ್ ಇದೆ, ಅದು ನೋಟಿಫೈನಾರ್ಮಲ್ ಆಗಿದ್ರೆ ಫೋಕಸ್ ನಿಜವಾಗ್ಲೂ ಹೋಗಿದೆ, ನೋಟಿಫೈಗ್ರ್ಯಾಬ್ ಆಗಿದ್ರೆ ಯಾರೋ ಕೀಬೋರ್ಡನ್ನ ಒಂದು ಗಳಿಗೆ ಇಸ್ಕೊಂಡಿದಾರೆ ಅಷ್ಟೆ, ಆಮೇಲೆ ನೋಟಿಫೈಅನ್‌ಗ್ರ್ಯಾಬ್ ಅಂತ ಫೋಕಸ್‌ಇನ್ ಬರುತ್ತೆ. ವಾಲ್ಯೂಮ್ ಕೀ ಒತ್ತಿದಾಗ ಡೆಸ್ಕ್‌ಟಾಪ್‌ನ ಬ್ಯಾಕ್‌ಗ್ರೌಂಡ್ ಪ್ರೋಗ್ರಾಂ ಮಾಡೋದು ಇದೇ. ನಮ್ಮ ಕೋಡ್ ಮೋಡ್ ಕಡೆ ತಿರುಗಿಯೂ ನೋಡ್ತಿರಲಿಲ್ಲ, ಎರಡಕ್ಕೂ ಒಂದೇ ಮರ್ಯಾದೆ.

ಹಾಗಂತ ಗ್ರ್ಯಾಬ್ ಮೋಡ್‌ನ ಪೂರ್ತಿ ಕಡೆಗಣಿಸೋಕೂ ಆಗಲ್ಲ, ಯಾಕಂದ್ರೆ ಕೀಬೋರ್ಡ್ ಬೇರೆಯವರ ಹತ್ರ ಇದ್ದಾಗ ಬಳಕೆದಾರರು ಶಿಫ್ಟ್ ಬಿಟ್ಟಿದ್ರೆ ಆ ಕೀ ರಿಲೀಸ್ ನಮಗೆ ಬರೋದೇ ಇಲ್ಲ, ಮತ್ತೆ ಮೊದ್ಲಿನ ಬಗ್ ವಾಪಸ್. ಇಲ್ಲೇ ನನಗೆ ಈ ಇಡೀ ಕೆಲಸದ ದಾರಿ ಕಂಡಿದ್ದು. ಇವೆಂಟ್ ಅನ್ನೋದು ಊರಿಂದ ಬರ್ತಿದ್ದ ಇನ್‌ಲ್ಯಾಂಡ್ ಲೆಟರ್ ಥರ, ಅಜ್ಜಿಗೆ ಜ್ವರ ಅಂತ ಬರೆದಿರ್ತಾರೆ, ನಾವು ಓದೋ ಹೊತ್ತಿಗೆ ಅಜ್ಜಿ ತೋಟದಲ್ಲಿ ತೆಂಗಿನಗರಿ ಎಳೀತಿರ್ತಾರೆ, ಎಷ್ಟೋ ಸಲ ಜ್ವರ ಬಿಟ್ಟಿದ್ದಕ್ಕೆ ಲೆಟರ್ರೇ ಬರಲ್ಲ. ಪ್ರೆಸ್ ಬಂದ ಮೇಲೆ ರಿಲೀಸ್ ಬಂದೇ ಬರುತ್ತೆ ಅಂತ ಯಾರೂ ನಮಗೆ ಮಾತು ಕೊಟ್ಟಿಲ್ಲ. ಹಾಗಾಗಿ ಈಗ ಏನಿದೆ ಅಂತ ಕೇಳೋ ಅವಕಾಶ ಎಲ್ಲಿದ್ಯೋ ಅಲ್ಲಿ ಕೇಳ್ಬೇಕು. ಎಕ್ಸ್11ನಲ್ಲಿ ಎಕ್ಸ್‌ಕ್ವೆರಿಕೀಮ್ಯಾಪ್ ಅಂತ ಒಂದು ಕಾಲ್ ಇದೆ, 32 ಬೈಟ್ ವಾಪಸ್ ಕೊಡುತ್ತೆ, ಅಂದ್ರೆ 256 ಬಿಟ್, ಒಂದೊಂದು ಕೀಗೆ ಒಂದೊಂದು. ಫೋಕಸ್‌ಇನ್ ಬಂದಾಗ, ಅದು ನಾರ್ಮಲ್ಲೋ ಅನ್‌ಗ್ರ್ಯಾಬೋ ಯಾವುದಾದ್ರೂ ಆಗ್ಲಿ, ಅದನ್ನ ಕೇಳಿ ನಮ್ಮ ಟೇಬಲ್ ಜೊತೆ ಹೋಲಿಸಿ, ನಮ್ಮಲ್ಲಿ ಒತ್ತಿದೆ ಅಂತಿದ್ದು ಅಲ್ಲಿ ಇಲ್ಲ ಅಂದ್ರೆ ಅದಕ್ಕೆ ಮಾತ್ರ ಒಂದು ರಿಲೀಸ್ ನಾವೇ ಸೃಷ್ಟಿ ಮಾಡಿ ಒಳಗೆ ಕಳಿಸೋದು. ಉಲ್ಟಾ ಮಾತ್ರ ಮಾಡಬಾರದು. ಅಲ್ಲಿ ಒತ್ತಿದೆ ನಮ್ಮಲ್ಲಿ ಇಲ್ಲ ಅಂತ ಪ್ರೆಸ್ ಸೃಷ್ಟಿ ಮಾಡಿದ್ರೆ, ಬೇರೆ ವಿಂಡೋನಲ್ಲಿ ಡಿಲೀಟ್ ಒತ್ತಿಕೊಂಡೇ ನಮ್ಮ ಕಡೆ ಬಂದೋರ ಚಿತ್ರ ಅಳಿಸಿಹೋಗುತ್ತೆ.

ಎಕ್ಸ್ ಹುಟ್ಟಿದ್ದು 1984ರಲ್ಲಿ ಎಂಐಟಿಯಲ್ಲಿ, ಎಕ್ಸ್11 ಬಂದಿದ್ದು 1987ರಲ್ಲಿ, ಪ್ರೋಗ್ರಾಂ ಒಂದು ಕಂಪ್ಯೂಟರ್‌ನಲ್ಲಿ ಸ್ಕ್ರೀನ್ ಇನ್ನೊಂದರಲ್ಲಿ ಇರೋ ಕಾಲಕ್ಕೆ ಮಾಡಿದ್ದು. ಮಧ್ಯೆ ವೈರ್ ಇರುತ್ತೆ, ತಡ ಆಗುತ್ತೆ ಅನ್ನೋದು ಅದರ ಮೂಳೆಯಲ್ಲೇ ಇದೆ. ಈಗ ಎರಡೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇರೋದ್ರಿಂದ ಎಲ್ಲಾ ಆ ಕ್ಷಣಕ್ಕೇ ಆಗುತ್ತೆ ಅಂತ ನಮಗೆ ಭ್ರಮೆ. 2008ರಲ್ಲಿ ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ ಶುರು ಮಾಡಿದ ವೇಲ್ಯಾಂಡ್ ಈ ವಿಷಯದಲ್ಲಿ ಎಷ್ಟೋ ವಾಸಿ. ಕೀಬೋರ್ಡ್ ಫೋಕಸ್ ಹೋಯ್ತು ಅಂತ ಲೀವ್ ಇವೆಂಟ್ ಬಂದ್ರೆ ಕೀ ಸ್ಥಿತಿ ಎಲ್ಲಾ ಸೊನ್ನೆ ಅಂತ ಪ್ರೋಟೋಕಾಲ್‌ನಲ್ಲೇ ಇದೆ, ಎಂಟರ್ ಬಂದಾಗ ಆಗಲೇ ಒತ್ತಿರೋ ಕೀಗಳ ಪಟ್ಟಿ ಜೊತೆಗೇ ಬರುತ್ತೆ, ಅದನ್ನ ಪ್ರೆಸ್ ಅಂತ ತಿಳ್ಕೋಬೇಡಿ ಅಂತಲೂ ಬರೆದಿದಾರೆ. ಆದ್ರೆ ಅಲ್ಲಿ ಇನ್ನೊಂದು ತಮಾಷೆ, ಕೀ ರಿಪೀಟ್ ಮಾಡೋ ಜವಾಬ್ದಾರಿ ಪ್ರೋಗ್ರಾಂದೇ. ಎಷ್ಟು ಹೊತ್ತಾದ ಮೇಲೆ, ಎಷ್ಟು ವೇಗದಲ್ಲಿ ಅಂತ ಮಾತ್ರ ಕಂಪೋಸಿಟರ್ (ವೇಲ್ಯಾಂಡ್‌ನಲ್ಲಿ ವಿಂಡೋಗಳನ್ನ ಸ್ಕ್ರೀನ್ ಮೇಲೆ ಜೋಡಿಸೋ ಪ್ರೋಗ್ರಾಂ) ಹೇಳುತ್ತೆ, ಟೈಮರ್ ನಾವೇ ಇಡಬೇಕು. ನಮ್ಮ ಟೈಮರ್ ನಿಲ್ತಾ ಇದ್ದಿದ್ದು ಕೀ ರಿಲೀಸ್ ಬಂದಾಗ ಮಾತ್ರ. ಟೆಕ್ಸ್ಟ್ ಟೂಲ್‌ನಲ್ಲಿ ಒಂದು ಅಕ್ಷರ ಒತ್ತಿ ಹಿಡಿದಾಗ ಇನ್ನೊಂದು ವಿಂಡೋ ಎದ್ದು ಫೋಕಸ್ ಕಿತ್ಕೊಂಡ್ರೆ ಮುಗೀತು, ಹಿಂದುಗಡೆ ಪುಟ ತುಂಬಾ ಎಎಎಎಎ ಅಂತ ಹೋಗ್ತಾನೇ ಇರುತ್ತೆ. ಇದನ್ನ ಸರಿ ಮಾಡೋಕೆ ಬೇಕಾಗಿದ್ದು ಒಂದೇ ಸಾಲು, ಲೀವ್ ಬಂದಾಗ ಟೈಮರ್ ನಿಲ್ಸು ಅಂತ.

ಇನ್ನು ಮ್ಯಾಕ್ಸಿಮೈಸ್ ದೂರು. ಇದು ಆ ರಿಲೀಸ್‌ನ ನಿಜವಾದ ಬ್ಲಾಕರ್, ಅಂದ್ರೆ ಸರಿ ಮಾಡದೆ ರಿಲೀಸ್ ಬಿಡೋ ಹಾಗಿಲ್ಲ, ಯಾಕಂದ್ರೆ ವೇಲ್ಯಾಂಡ್ ಬ್ಯಾಕೆಂಡ್ ಡೀಫಾಲ್ಟ್ ಆಗಿ ಆನ್ ಮಾಡ್ತಿದ್ದಿದ್ದು ಆವಾಗ್ಲೇ ಮೊದಲ ಸಲ, ಅಲ್ಲಿವರೆಗೂ ವೇಲ್ಯಾಂಡ್ ಬಳಸೋರೆಲ್ಲ ಎಕ್ಸ್‌ವೇಲ್ಯಾಂಡ್ (ಎಕ್ಸ್11 ಪ್ರೋಗ್ರಾಂಗಳನ್ನ ವೇಲ್ಯಾಂಡ್‌ನಲ್ಲಿ ಓಡಿಸೋ ಸೇತುವೆ) ಮೇಲೆ ಓಡಿಸ್ತಿದ್ರು. ಮ್ಯಾಕ್ಸಿಮೈಸ್ ತೆಗೆದ್ರೆ ಪ್ರೋಗ್ರಾಂ ಸತ್ತಂಗೆ ಆಗುತ್ತೆ, ಆದ್ರೆ ಕಂಟ್ರೋಲ್ ಎಸ್ ಒತ್ತಿದ್ರೆ ಫೈಲ್ ಸೇವ್ ಆಗುತ್ತೆ ಅಂತ ಒಬ್ರು ಬರೆದಿದ್ರು. ಆ ಎರಡ್ನೇ ಅರ್ಧ ವಾಕ್ಯಕ್ಕೆ ಅವರಿಗೆ ಕೈ ಮುಗೀಬೇಕು, ಅದ್ರಿಂದ ಗೊತ್ತಾಯ್ತು ಪ್ರೋಗ್ರಾಂ ಹ್ಯಾಂಗ್ ಆಗಿಲ್ಲ, ಬರೀ ಪೇಂಟ್ ಮಾಡೋದು ನಿಲ್ಸಿದೆ ಅಂತ. ನಮ್ಮ ಯಾರ ಮಷೀನ್‌ನಲ್ಲೂ ಇದು ಆಗ್ತಿರಲಿಲ್ಲ. ಆಮೇಲೆ ಅವರನ್ನೇ ಕೇಳಿ ಕೇಳಿ ಸರಿಯಾದ ಕ್ರಮ ಸಿಕ್ತು, ಮ್ಯಾಕ್ಸಿಮೈಸ್ ಆಗಿರುವಾಗ್ಲೇ ಮುಚ್ಚಬೇಕು, ಮತ್ತೆ ತೆಗೆಯಬೇಕು, ಹಿಂದಿನ ಸಲದ ನೆನಪಲ್ಲಿ ಅದು ಮ್ಯಾಕ್ಸಿಮೈಸ್ ಆಗೇ ತೆಗೆದುಕೊಳುತ್ತೆ, ಆವಾಗ ಅದನ್ನ ಚಿಕ್ಕದು ಮಾಡಬೇಕು.

ವೇಲ್ಯಾಂಡ್ ಡೀಬಗ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 1 ಅಂತ ಕೊಟ್ಟು ಓಡಿಸಿದ್ರೆ ಕಂಪೋಸಿಟರ್‌ಗೂ ನಮಗೂ ಮಧ್ಯೆ ಹೋಗಿ ಬರೋ ಪ್ರತಿಯೊಂದು ಮೆಸೇಜೂ ಪ್ರಿಂಟ್ ಆಗುತ್ತೆ. ಮೌಸ್ ಅಲ್ಲಾಡಿಸಿದ್ರೇ ಸಾವಿರ ಸಾಲು ಬರುತ್ತೆ ಅನ್ಕೊಳಿ, ಗ್ರೆಪ್ ಹಾಕಿ ಸೋಸ್ಕೋಬೇಕು. ನೋಡಿದ್ರೆ ಮ್ಯಾಕ್ಸಿಮೈಸ್ ತೆಗೆದ ತಕ್ಷಣ ಬಂದಿದ್ದ, ವಿಂಡೋ ಅಳತೆ ತಿಳಿಸೋ ಕಾನ್ಫಿಗರ್ ಇವೆಂಟ್‌ನಲ್ಲಿ ಅಗಲ 0, ಎತ್ತರ 0. ಪ್ರೋಟೋಕಾಲ್ ಪ್ರಕಾರ ಸೊನ್ನೆ ಅಂದ್ರೆ ಸೈಜ್ ನೀನೇ ನಿರ್ಧಾರ ಮಾಡ್ಕೋ ಅಂತ ಅರ್ಥ. ವಿಂಡೋ ಹುಟ್ಟಿದಾಗಿಂದ ಮ್ಯಾಕ್ಸಿಮೈಸ್ ಆಗೇ ಇತ್ತು, ಚಿಕ್ಕದಾಗಿದ್ದಾಗ ಅದರ ಅಳತೆ ಎಷ್ಟು ಅಂತ ಪಾಪ ಕಂಪೋಸಿಟರ್‌ಗೆ ಹೇಗೆ ಗೊತ್ತಿರುತ್ತೆ, ಅದಕ್ಕೇ ನಮ್ಮನ್ನೇ ಕೇಳಿದೆ. ನಮ್ಮ ಮೂರೂ ಬ್ಯಾಕೆಂಡ್‌ಗೆ ಸೇರಿ ಇದ್ದ ರಿಸೈಜ್ ಫಂಕ್ಷನ್ ಮಾತ್ರ ವಿಂಡೋಸ್ ಕಾಲದಲ್ಲಿ ಬರೆದಿದ್ದು. ವಿಂಡೋಸ್‌ನಲ್ಲಿ ಮಿನಿಮೈಸ್ ಮಾಡಿದಾಗ ಬರೋ ಡಬ್ಲ್ಯೂಎಂ ಸೈಜ್ ಮೆಸೇಜ್‌ನಲ್ಲಿ ಅಗಲ ಎತ್ತರ ಎರಡೂ ಸೊನ್ನೆ ಇರುತ್ತೆ, ಅದಕ್ಕೆ ಆ ಫಂಕ್ಷನ್ ಮೊದಲ ಸಾಲಲ್ಲೇ ಸೊನ್ನೆ ಕಂಡ್ರೆ ಮಿನಿಮೈಸ್ ಆಗಿದೆ, ಪೇಂಟ್ ನಿಲ್ಸು ಅಂತ ಹೇಳಿ ವಾಪಸ್ ಹೋಗ್ತಿತ್ತು. ಒಂದೇ ಸೊನ್ನೆ, ಒಂದು ಕಡೆ ಮಲಗು ಅಂತ, ಇನ್ನೊಂದು ಕಡೆ ನಿನ್ನಿಷ್ಟ ಅಂತ. ವಿಂಡೋಗೆ ಮಲಗಿಬಿಟ್ಟಿದೀನಿ ಅನ್ನೋ ನಂಬಿಕೆ, ಹೊಸ ಚಿತ್ರದ ಬಫರ್ ಕೊಡ್ತಿಲ್ಲ, ಕಾನ್ಫಿಗರ್ ತಲುಪಿತು ಅಂತ ಆಕ್ ಕೊಡ್ತಿಲ್ಲ, ಸ್ಕ್ರೀನ್ ಮೇಲೆ ಹಳೇ ಚಿತ್ರ ಹಾಗೇ ನಿಂತಿದೆ.

ಇದಕ್ಕೆ ಎರಡು ಥರ ಮದ್ದು ಇತ್ತು. ವೇಲ್ಯಾಂಡ್ ಬ್ಯಾಕೆಂಡ್‌ನಲ್ಲಿ ಸೊನ್ನೆ ಬಂದ್ರೆ ಕೊನೇ ಸಲ ಚಿಕ್ಕದಾಗಿದ್ದಾಗಿನ ಅಳತೆಯನ್ನ ಸೆಟ್ಟಿಂಗ್ಸ್ ಫೈಲಿಂದ ತೆಗೆದು ಹಾಕೋ ನಾಕು ಸಾಲು. ಅಥವಾ ಮಿನಿಮೈಸ್ ಅನ್ನೋದನ್ನೇ ಸೈಜಿಂದ ಬಿಡಿಸಿ ಬೇರೆ ಫಂಕ್ಷನ್ ಮಾಡಿ, ಸೊನ್ನೆಗೆ ಅರ್ಥ ಕೊಡೋ ಕೆಲಸ ಆಯಾ ಬ್ಯಾಕೆಂಡ್‌ದೇ ಅಂತ ಮಾಡೋದು. ಎರಡ್ನೇದು ಸರಿಯಾದ ಕೆಲಸ, ಅದರಲ್ಲಿ ಅನುಮಾನ ಇಲ್ಲ. ವೇಲ್ಯಾಂಡ್‌ನಲ್ಲಿ ಅಂತೂ ಮಿನಿಮೈಸ್ ಆಗಿದೀಯ ಅಂತ ಹೇಳೋ ಸ್ಥಿತಿನೇ ಇಲ್ಲ, ಮಿನಿಮೈಸ್ ಮಾಡು ಅಂತ ನಾವು ಕೇಳ್ಕೋಬಹುದು ಅಷ್ಟೆ, ಹತ್ತಿರದ್ದು ಅಂದ್ರೆ ಎಕ್ಸ್‌ಡಿಜಿ ಶೆಲ್ (ವೇಲ್ಯಾಂಡ್‌ನಲ್ಲಿ ವಿಂಡೋಗಳ ನಿಯಮ ಇರೋ ಭಾಗ) ಅನ್ನೋದರ 6ನೇ ವರ್ಷನ್‌ನಲ್ಲಿ ಬಂದ ಸಸ್ಪೆಂಡೆಡ್ ಅನ್ನೋದು. ಆದ್ರೂ ರಿಲೀಸ್ ಬ್ರಾಂಚ್‌ಗೆ ನಾನು ಕಳಿಸಿದ್ದು ನಾಕು ಸಾಲಿಂದು, ದೊಡ್ಡದನ್ನ ಮೇನ್ ಬ್ರಾಂಚ್‌ಗೆ. ಆರ್‌ಸಿ ಹೊತ್ತಲ್ಲಿ ಮೂರೂ ಬ್ಯಾಕೆಂಡ್ ಮುಟ್ಟೋ ಪ್ಯಾಚ್ ಒಪ್ಪಿಕೊಳೋ ಮೇಂಟೇನರ್ ನನಗೆ ಇಷ್ಟ ಆಗಲ್ಲ, ನಮ್ಮೋರು ಒಪ್ಪಿಕೊಳ್ಳೋ ಪೈಕಿಯಲ್ಲ, ಒಳ್ಳೇದೇ ಆಯ್ತು.

ವಿಂಡೋ ಕೆಳಗಿಳಿಯೋ ಬಗ್ ಹಳೇ ಪಾಪಿ, ಎಕ್ಸ್11ನಲ್ಲಿ ಸ್ವಂತ ವಿಂಡೋ ಕೋಡ್ ಬರೆದೋರು ಯಾವತ್ತಾದ್ರೂ ಒಂದ್ಸಲ ಇದನ್ನ ನೋಡೇ ಇರ್ತಾರೆ. ಮುಚ್ಚುವಾಗ ನಮ್ಮ ವಿಂಡೋದ ಒಳಭಾಗ ಸ್ಕ್ರೀನ್‌ನಲ್ಲಿ ಎಲ್ಲಿದೆ ಅಂತ ಬರೆದಿಟ್ಕೊಳ್ತೀವಿ, ಮತ್ತೆ ತೆಗೆದಾಗ ಅಲ್ಲಿಗೇ ಹೋಗು ಅಂತೀವಿ. ವಿಂಡೋ ಮ್ಯಾನೇಜರ್ ಅದನ್ನ ಟೈಟಲ್ ಬಾರ್ ಸೇರಿದ ಹೊರಗಿನ ಚೌಕಟ್ಟಿನ ಜಾಗ ಅಂತ ತಿಳ್ಕೊಳುತ್ತೆ. ಆಗ ಒಳಭಾಗ ಟೈಟಲ್ ಬಾರ್ ಎತ್ತರದಷ್ಟು ಕೆಳಗೆ ಹೋಯ್ತು, ಮುಚ್ಚುವಾಗ ಆ ಹೊಸ ಜಾಗ ಬರ್ಕೊಂಡ್ವಿ, ಮುಂದಿನ ಸಲ ಇನ್ನೊಂದಿಷ್ಟು. ದಿನಾ ಬಳಸೋರಿಗೆ ವಾರದಲ್ಲಿ ವಿಂಡೋ ಟಾಸ್ಕ್‌ಬಾರ್ ಕೆಳಗೆ ಸೇರ್ಕೊಂಡಿರುತ್ತೆ. ಬರೆದಿಡುವಾಗ ನೆಟ್ ಫ್ರೇಮ್ ಎಕ್ಸ್‌ಟೆಂಟ್ಸ್ ಅನ್ನೋ ಪ್ರಾಪರ್ಟಿ ಓದಿ ಚೌಕಟ್ಟಿನ ದಪ್ಪ ಕಳೆದುಬಿಟ್ರೆ ಸರಿ. ಅದರ ಜೊತೆಗೆ ಇನ್ನೊಂದು ಎಡವಟ್ಟು ಸೇರ್ಕೊಂಡಿತ್ತು, ಕಾನ್ಫಿಗರ್‌ನೋಟಿಫೈ ಇವೆಂಟ್ ಎರಡು ಮೂಲದಿಂದ ಬರುತ್ತೆ, ಎಕ್ಸ್ ಸರ್ವರ್ ಕಳಿಸಿದ್ದಾದ್ರೆ ಅದರಲ್ಲಿರೋ ಜಾಗ ಚೌಕಟ್ಟಿಗೆ ಹೋಲಿಸಿ ಹೇಳಿದ್ದು, ವಿಂಡೋ ಮ್ಯಾನೇಜರ್ ತಾನೇ ತಯಾರಿಸಿ ಕಳಿಸಿದ್ದಾದ್ರೆ ಇಡೀ ಸ್ಕ್ರೀನಿಗೆ ಹೋಲಿಸಿ ಹೇಳಿದ್ದು. ಎಕ್ಸ್‌ನಲ್ಲಿ ಪ್ರೋಗ್ರಾಂಗಳು, ವಿಂಡೋ ಮ್ಯಾನೇಜರ್‌ಗಳು ಹೇಗೆ ನಡ್ಕೋಬೇಕು ಅನ್ನೋ ಐಸಿಸಿಸಿಎಂ ಎಂಬ ಹಳೇ ಒಪ್ಪಂದದಲ್ಲಿ ಇದೆಲ್ಲ ವಿವರವಾಗೇ ಇದೆ, ಇವೆಂಟ್‌ನಲ್ಲಿ ಸೆಂಡ್‌ಇವೆಂಟ್ ಅನ್ನೋ ಫ್ಲ್ಯಾಗ್ ನೋಡಿದ್ರೆ ಯಾವುದು ಎಲ್ಲಿಂದ ಅಂತ ಗೊತ್ತಾಗುತ್ತೆ. ನಮ್ಮ ಕೋಡ್ ಯಾವುದು ಕೊನೇಲಿ ಬಂತೋ ಅದನ್ನ ನಂಬ್ತಿತ್ತು, ಅದಕ್ಕೇ ಕೆಲವ್ರಿಗೆ ವಿಂಡೋ ಕೆಳಗಿಳೀತಿತ್ತು, ಕೆಲವ್ರಿಗೆ ಎಡಗಡೆ ಮೇಲಿನ ಮೂಲೆಗೆ ಓಡಿಹೋಗ್ತಿತ್ತು, ಎರಡು ಬೇರೆ ಬೇರೆ ಬಗ್ ಅಂತ ಟ್ರ್ಯಾಕರ್‌ನಲ್ಲಿ ಇದ್ವು. ಇಲ್ಲೂ ಅದೇ, ಇವೆಂಟ್ ಬಂತು ಅಂದ್ರೆ ಏನೋ ಬದಲಾಗಿದೆ ಅಂತ ಮಾತ್ರ ತಿಳ್ಕೊಂಡು, ಎಕ್ಸ್‌ಟ್ರಾನ್ಸ್‌ಲೇಟ್‌ಕೋಆರ್ಡಿನೇಟ್ಸ್ ಕರೆದು ಈಗ ಎಲ್ಲಿದೀನಿ ಅಂತ ಕೇಳ್ಕೊಳೋ ಹಾಗೆ ಮಾಡ್ದೆ. ವೇಲ್ಯಾಂಡ್‌ನಲ್ಲಿ ಈ ತಲೆನೋವೇ ಇಲ್ಲ, ವಿಂಡೋ ಎಲ್ಲಿದೆ ಅಂತ ಪ್ರೋಗ್ರಾಂಗೆ ಹೇಳೋದೇ ಇಲ್ಲ, ಕೆಲವ್ರಿಗೆ ಅದೇ ತಲೆನೋವು.

ವಿಂಡೋಸ್ ಕಡೆ ಒಂದೇ ಒಂದು ಇತ್ತು. ವಿಂಡೋ ಅಂಚು ಹಿಡಿದು ಎಳೀತಿರೋವಷ್ಟು ಹೊತ್ತೂ ಒಳಗಿನ ಚಿತ್ರ ಅಲ್ಲಾಡಲ್ಲ, ಬಿಟ್ಟ ಮೇಲೆ ಒಮ್ಮೆಲೇ ಸರಿಹೋಗುತ್ತೆ. ಅದು ವಿಂಡೋಸ್ ಕೆಲಸ ಮಾಡೋ ರೀತಿ, ಎಳೆಯೋವಾಗ ಅದು ತನ್ನದೇ ಒಂದು ಒಳ ಲೂಪ್‌ಗೆ ಹೋಗುತ್ತೆ, ನಮ್ಮ ಮೇನ್ ಲೂಪ್ ಅಲ್ಲೇ ಕಾಯ್ತಾ ನಿಲ್ಲುತ್ತೆ, ಜಿಎಲ್‌ಎಫ್‌ಡಬ್ಲ್ಯೂ ಡಾಕ್ಯುಮೆಂಟೇಶನ್‌ನಲ್ಲಿ ಕೂಡ ಹೀಗಾಗುತ್ತೆ ಅಂತ ಎಚ್ಚರಿಕೆ ಇದೆ. ಎಳೆಯೋಕೆ ಶುರು ಮಾಡಿದಾಗ ಒಂದು ಟೈಮರ್ ಇಟ್ಟು, ಅದರ ಮೆಸೇಜ್ ಬಂದಾಗ ಒಂದೊಂದು ಫ್ರೇಮ್ ಪೇಂಟ್ ಮಾಡಿ, ಬಿಟ್ಟಾಗ ಟೈಮರ್ ತೆಗೆಯೋದು, ಇದು ಎಲ್ರೂ ಮಾಡೋ ಉಪಾಯನೇ. ವರ್ಚುವಲ್ ಮಷೀನ್‌ನಲ್ಲಿ ನೋಡಿದೆ, ನಡೀತು, ಮುಂದಕ್ಕೆ ಹೋದೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಕನ್ನಡದ್ದು. ದೂರು ಯಾರೂ ಕೊಟ್ಟಿರಲಿಲ್ಲ, ಕೀ ಇವೆಂಟ್ ಎಲ್ಲಾ ಮುಟ್ಟಿದೀನಲ್ಲ ಇನ್‌ಪುಟ್ ಮೆಥಡ್ (ಇಂಗ್ಲಿಷ್ ಕೀಬೋರ್ಡ್‌ನಿಂದ ಬೇರೆ ಭಾಷೆ ಬರೆಸೋದು) ಏನಾದ್ರೂ ಮುರೀತಾ ಅಂತ ನೋಡೋಣ ಅಂತ ಆ ಥರದ್ದೇ ಆದ ಐಬಸ್ ಹಾಕಿ ಟೆಕ್ಸ್ಟ್ ಟೂಲ್‌ನಲ್ಲಿ ಟೈಪ್ ಮಾಡ್ದೆ. ಮೈಸೂರು ಅಂತ ಹೊಡೆದೆ, ಮೈಸೂರು ಅಂತ ಬಂತು. ಕನ್ನಡ ಅಂತ ಹೊಡೆದೆ, ಕಡ ಅಂತ ಬಂತು. ಅಕ್ಕ ಅಂದ್ರೆ ಬರೀ ಅ. ಹಳೇ ವರ್ಷನ್ ತೆಗೆದು ನೋಡಿದ್ರೆ ಅದರಲ್ಲೂ ಹಾಗೇ, ಅಂದ್ರೆ ನನ್ನ ಪ್ಯಾಚ್‌ದಲ್ಲ, ಮೊದಲಿಂದ್ಲೂ ಇರೋದು. ಒತ್ತಕ್ಷರ ಇದ್ದಲ್ಲಿ ಮಾತ್ರ ಮಾಯ.

ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್ 8 ಅನ್ನೋ ಬರೆದಿಡೋ ಕ್ರಮದಲ್ಲಿ 3 ಬೈಟ್ ತಗೊಳುತ್ತೆ. ಮೈ ಅಂದ್ರೆ ಮ ಮತ್ತೆ ಐಕಾರದ ಚಿಹ್ನೆ, 6 ಬೈಟ್. ನ್ನ ಅಂದ್ರೆ ನ, ಹಲಂತ, ಮತ್ತೆ ನ, 9 ಬೈಟ್. ನಾನು ಬಳಸೋ ಟ್ರಾನ್ಸ್‌ಲಿಟರೇಷನ್ ಲೇಔಟ್‌ನಲ್ಲಿ ಒಂದು ಅಕ್ಷರ ಒತ್ತು ಗುಣಿತ ಸಮೇತ ಮುಗಿದ ಮೇಲೆ ಒಂದೇ ಗಂಟಲ್ಲಿ ಪ್ರೋಗ್ರಾಂಗೆ ಬರುತ್ತೆ. ಬಂದಿದ್ದನ್ನ ಎಕ್ಸ್‌ಯುಟಿಎಫ್8ಲುಕಪ್‌ಸ್ಟ್ರಿಂಗ್ ಅನ್ನೋ ಫಂಕ್ಷನ್‌ನಿಂದ ತಗೋಬೇಕು, ಅದಕ್ಕೆ ನಮ್ಮ ಕೋಡ್ ಕೊಟ್ಟಿದ್ದ ಬಫರ್ 8 ಬೈಟ್. 9 ಬೈಟ್ ಹಿಡಿಸಲ್ಲ, ಆಗ ಆ ಫಂಕ್ಷನ್ ಬಫರ್ ಮುಟ್ಟದೆ, ಓವರ್‌ಫ್ಲೋ ಅಂತ ಸ್ಟೇಟಸ್ ಕೊಟ್ಟು, ಇಷ್ಟು ಜಾಗ ಬೇಕು ನೋಡು ಅಂತ ಲೆಕ್ಕ ಹೇಳುತ್ತೆ, ಅಷ್ಟು ದೊಡ್ಡ ಬಫರ್ ತಂದು ಮತ್ತೆ ಕೇಳ್ಬೇಕು. ನಮ್ಮೋರು ಸ್ಟೇಟಸ್ ನೋಡದೆ ಏನೂ ಬಂದಿಲ್ಲ ಅಂತ ಬಿಟ್ಟುಬಿಡ್ತಿದ್ರು. ಇಂಗ್ಲಿಷ್‌ಗೆ ಒಂದು ಬೈಟ್ ಸಾಕು, ಯುರೋಪಿನ ಚುಕ್ಕೆ ಟೋಪಿ ಇರೋ ಅಕ್ಷರಗಳಿಗೆ ಎರಡು, ಬರೆದೋರ ಕಣ್ಣಿಗೆ 8 ಅನ್ನೋದು ಧಾರಾಳ ಅನ್ಸಿರುತ್ತೆ.

ಸರಿ ಮಾಡಿ ಟ್ರ್ಯಾಕರ್‌ನಲ್ಲಿ ಹುಡುಕಿದ್ರೆ ಹಳೇ ರಿಪೋರ್ಟ್ ಒಂದು ಸಿಕ್ತು, ಜಪಾನೀಸ್ ಬಳಸೋರು ಬರೆದಿದ್ದು, ಗಿಡ್ಡ ಪದ ಬರುತ್ತೆ ಉದ್ದ ಪದ ಬರಲ್ಲ ಅಂತ. ನಮ್ಮಲ್ಲಿ ಆಗ್ತಿಲ್ಲ ಅಂತ ಅದನ್ನ ಮುಚ್ಚಿದ್ರು. ಕೆಳಗೆ ಓದ್ತಾ ಹೋದ್ರೆ ಟೆಸ್ಟ್ ಮಾಡಿದೋರು ಟೋಕಿಯೋ ಅಂತ ಹೊಡೆದು ನೋಡಿದ್ರಂತೆ. ಜಪಾನೀಸ್‌ನಲ್ಲಿ ಟೋಕಿಯೋ ಎರಡೇ ಅಕ್ಷರ, 6 ಬೈಟ್, ಚೆನ್ನಾಗೇ ಬಂದಿದೆ! ಮೂರಕ್ಷರದ ಯಾವುದಾದ್ರೂ ಊರು ಹೊಡೆದಿದ್ರೆ ಆವತ್ತೇ ಸಿಕ್ಕಿಬೀಳ್ತಿತ್ತು. ಆ ರಿಪೋರ್ಟ್ ಮತ್ತೆ ತೆರೆದು, ಕನ್ನಡದ ಉದಾಹರಣೆ ಹಾಕಿ, ಬೈಟ್ ಲೆಕ್ಕ ಬರೆದು ಪ್ಯಾಚ್ ಜೋಡಿಸ್ದೆ. ಅದರ ಜೊತೆಗೇ ಇನ್ನೊಂದು ಸಣ್ಣ ಸಂಗತಿ, ಇನ್‌ಪುಟ್ ಮೆಥಡ್ ಕೊಡೋ ಈ ಗಂಟು ಎಕ್ಸ್11ನಲ್ಲಿ ಕೀಕೋಡ್ 0 ಇರೋ ಒಂದು ಕೀ ಪ್ರೆಸ್ ವೇಷದಲ್ಲಿ ಬರುತ್ತೆ, ಅದಕ್ಕೆ ರಿಲೀಸ್ ಇರಲ್ಲ, ಹಾಗಾಗಿ ಆಲ್ಟ್ ಬಗ್‌ಗೆ ಮಾಡಿದ ಟೇಬಲ್‌ಗೆ ಇದನ್ನ ಸೇರಿಸಲೇಬಾರದು ಅಂತ ಒಂದು ಕಂಡೀಶನ್ ಹಾಕ್ಬೇಕಾಯ್ತು.

ಪ್ಯಾಚ್ ಬರೆಯೋದಕ್ಕಿಂತ ಟೆಸ್ಟ್ ಬರೆಯೋಕೆ ಹೆಚ್ಚು ಹೊತ್ತು ಹಿಡೀತು ಅನ್ನೋದು ನಿಜ. ಮೇಂಟೇನರ್ ಇರೋದು ಯುರೋಪಲ್ಲಿ, ಅವರು ಆಫೀಸ್ ಕೆಲಸ ಮುಗಿಸಿ ರಿವ್ಯೂಗೆ ಕೂರೋ ಹೊತ್ತಿಗೆ ಇಲ್ಲಿ ನಡುರಾತ್ರಿ, ಬೆಳಿಗ್ಗೆ ಎದ್ದು ನೋಡಿದ್ರೆ ಒಂದೇ ಪ್ರಶ್ನೆ ಇರ್ತಿತ್ತು, ಇದು ಮತ್ತೆ ಮುರಿದ್ರೆ ನಮಗೆ ಹೇಗೆ ಗೊತ್ತಾಗುತ್ತೆ ಅಂತ. ಪ್ರತಿ ಬದಲಾವಣೆಗೂ ತಾನಾಗೇ ಟೆಸ್ಟ್ ಓಡಿಸೋ ನಮ್ಮ ಸಿಐನಲ್ಲಿ ಎಕ್ಸ್‌ವಿಎಫ್‌ಬಿ ಇದೆ, ಅಂದ್ರೆ ಸ್ಕ್ರೀನ್ ಇಲ್ಲದೆ ಮೆಮೊರಿಯಲ್ಲೇ ಓಡೋ ಎಕ್ಸ್ ಸರ್ವರ್. ಅದರಲ್ಲಿ ವಿಂಡೋ ಮ್ಯಾನೇಜರ್ ಇರಲ್ಲ, ಫೋಕಸ್ ಕೊಡೋರು ತಗೊಳೋರು ಯಾರೂ ಇಲ್ಲ, ಟೈಟಲ್ ಬಾರೂ ಇಲ್ಲ, ಹಾಗಾಗಿ ಫೋಕಸ್, ಜಾಗದ ಬಗ್‌ಗಳು ಅಲ್ಲಿ ಹುಟ್ಟೋದೇ ಇಲ್ಲ, ಟೆಸ್ಟ್ ಎಲ್ಲಾ ಹಸಿರು! ಅದರೊಳಗೆ ಓಪನ್‌ಬಾಕ್ಸ್ ಅನ್ನೋ ವಿಂಡೋ ಮ್ಯಾನೇಜರ್ ಓಡಿಸಿ, ಎಕ್ಸ್‌ಡೂಟೂಲ್ ಅನ್ನೋ ಪ್ರೋಗ್ರಾಂನಿಂದ ಕೀ ಒತ್ತಿಸೋ ಹಾಗೆ ಮಾಡ್ದೆ. ಅಲ್ಲೂ ಒಂದು ಗುಂಡಿ ಇದೆ, ಎಕ್ಸ್‌ಡೂಟೂಲ್‌ಗೆ ಇಂಥ ವಿಂಡೋಗೇ ಕೀ ಕಳಿಸು ಅಂತ ಹೇಳಿದ್ರೆ ಅದು ಸೆಂಡ್‌ಇವೆಂಟ್ ದಾರಿಯಲ್ಲಿ ಕಳಿಸುತ್ತೆ, ಸರ್ವರ್ ದೃಷ್ಟಿಯಲ್ಲಿ ಕೀ ಒತ್ತೇ ಇರಲ್ಲ, ಆವಾಗ ಎಕ್ಸ್‌ಕ್ವೆರಿಕೀಮ್ಯಾಪ್ ಕೇಳಿದ್ರೆ ಎಲ್ಲಾ ಸೊನ್ನೆ. ವಿಂಡೋ ಹೆಸರು ಹೇಳದೆ ಸುಮ್ನೆ ಒತ್ತು ಅಂದ್ರೆ ಎಕ್ಸ್‌ಟೆಸ್ಟ್ ಮೂಲಕ ನಿಜವಾದ ಕೀಬೋರ್ಡ್ ಒತ್ತಿದ ಹಾಗೇ ಹೋಗುತ್ತೆ. ವೇಲ್ಯಾಂಡ್‌ನ ಸೊನ್ನೆ ಅಳತೆ ಬಗ್‌ಗೆ ಇಷ್ಟೆಲ್ಲ ಸರ್ಕಸ್ ಬೇಡ ಅನ್ನಿಸ್ತು, ಹ್ಯಾಂಡ್ಲರ್‌ಗೆ ನೇರವಾಗಿ 0, 0 ಕೊಟ್ಟು ಪೇಂಟ್ ನಿಲ್ಲಲಿಲ್ಲ ತಾನೆ ಅಂತ ನೋಡೋ ಪುಟ್ಟ ಯೂನಿಟ್ ಟೆಸ್ಟ್ ಬರೆದೆ.

ರಿಲೀಸ್ ಹಿಂದಿನ ವಾರ ಇನ್ನೂ ಕೆಲವು ಬಂದ್ವು, ಎರಡು ಮಾನಿಟರ್ ಮಧ್ಯೆ ವಿಂಡೋ ಎಳೆದಾಗ ಸ್ಕೇಲ್ ಬದಲಾಗೋವಾಗ ಒಂದು ಫ್ರೇಮ್ ಮಸುಕಾಗುತ್ತೆ ಅನ್ನೋ ಥರದ್ದು. ಅದನ್ನ ಮುಟ್ಟಲಿಲ್ಲ. ಒಂದು ಫ್ರೇಮ್ ಮಸುಕಾದ್ರೆ ಯಾರ ಕೆಲಸವೂ ಹಾಳಾಗಲ್ಲ, ಅದಕ್ಕೆ ಅಂತ ಪೇಂಟ್ ಮಾಡೋ ಕ್ರಮ ಬದಲಾಯಿಸಿದ್ರೆ ಯಾರ ಕೆಲಸ ಹಾಳಾಗುತ್ತೋ ಹೇಳೋಕಾಗಲ್ಲ. ರಿಲೀಸ್ ನೋಟ್ಸ್‌ನಲ್ಲಿ ಗೊತ್ತಿರೋ ಸಮಸ್ಯೆ ಅಂತ ಒಂದು ಸಾಲು ಹಾಕಿದ್ವಿ.

ನಾನು ನಿಜವಾಗ್ಲೂ ಸೇರಿಸ್ಬೇಕು ಅಂತಿದ್ದು, ಆಗದೆ ಉಳಿದಿದ್ದು ಕಂಟ್ರೋಲ್ ಜ಼ೆಡ್. ಐಬಸ್‌ನಲ್ಲಿ ಕನ್ನಡ ಬರೆಯೋರಿಗೆ ತೊಂದರೆ ಇಲ್ಲ, ಕೆಳಗಡೆ ಕೀಬೋರ್ಡ್ ಇಂಗ್ಲಿಷ್‌ದೇ ಇರುತ್ತೆ. ಆದ್ರೆ ಸಿಸ್ಟಂ ಸೆಟ್ಟಿಂಗ್‌ನಲ್ಲೇ ಕನ್ನಡ ಇನ್‌ಸ್ಕ್ರಿಪ್ಟ್ ಲೇಔಟ್ ಹಾಕ್ಕೊಂಡಿರೋರು ಕಂಟ್ರೋಲ್ ಜ಼ೆಡ್ ಒತ್ತಿದ್ರೆ ನಮಗೆ ಬರೋದು ಆ ಜಾಗದ ಕನ್ನಡ ಸಂಕೇತ, ಜ಼ೆಡ್ ಅಲ್ಲ, ಅನ್‌ಡೂ ಆಗಲ್ಲ. ಕೀ ಇರೋ ಜಾಗ ನೋಡಿ ತೀರ್ಮಾನ ಮಾಡೋಣ ಅಂದ್ರೆ ಫ್ರೆಂಚ್ ಕೀಬೋರ್ಡ್‌ನಲ್ಲಿ ಆ ಜಾಗದಲ್ಲಿ ಡಬ್ಲ್ಯೂ ಇದೆ, ಜರ್ಮನ್‌ನಲ್ಲಿ ವೈ ಇದೆ, ಅವರಿಗೆಲ್ಲ ಈಗ ಸರಿ ಇರೋದು ಕೆಡುತ್ತೆ. ಬಂದ ಸಂಕೇತ ಲ್ಯಾಟಿನ್ ಅಲ್ಲದಿದ್ರೆ ಮಾತ್ರ ಬಳಕೆದಾರರ ಬೇರೆ ಲೇಔಟ್‌ಗಳಲ್ಲಿ ಆ ಕೀಗೆ ಲ್ಯಾಟಿನ್ ಅಕ್ಷರ ಇದ್ಯಾ ಅಂತ ಹುಡುಕೋದು ಸರಿ ಅನ್ನೋದು ನನ್ನ ವಾದ, ಒಂದೇ ಲೇಔಟ್ ಇಟ್ಕೊಂಡಿರೋರಿಗೆ ಏನು ಮಾಡ್ತೀಯ ಅಂತ ಮೇಂಟೇನರ್ ಕೇಳಿದ್ರು, ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ಮೈಲ್‌ಸ್ಟೋನ್‌ಗೆ ಹಾಕಿದಾರೆ. ಆ ಟಿಕೆಟ್‌ನಲ್ಲಿ ಆಗಲೇ ರಷ್ಯನ್‌ನವರು, ಗ್ರೀಕ್‌ನವರು ತಮ್ಮ ತಮ್ಮ ಎಕ್ಸ್‌ಇವಿ ಲಾಗ್ ಹಾಕಿ ಕಾಯ್ತಿದಾರೆ, ಇನ್‌ಸ್ಕ್ರಿಪ್ಟ್ ಕಡೆಯಿಂದ ನಂದೂ ಒಂದು ಹಾಕಿದೀನಿ.